ಕ್ರಿಯಾಪದ ನುಂಗುವ ಶಂಕರಲಿಂಗ ಸರ್

ಶಂಕರಲಿಂಗ ಸರ್ ಅವರ ಬಾಯಿಂದ ಒಂದು ವಾಕ್ಯ ಪೂರ್ತಿಯಾಗಿ ಹೊರಬಿದ್ದುದನ್ನು ಕೇಳಿದವರು ಕೊಲ್ಲಾಪುರದಲ್ಲಿ ಬಹಳ ಮಂದಿ ಇರಲಿಕ್ಕಿಲ್ಲ. ಕರ್ತೃಪದವನ್ನು ಅವರು ಬೀಗರನ್ನು ಕರೆತಂದ ಹಾಗೆ ಗೌರವದಿಂದ ಕರೆತಂದು ಕೂಡಿಸುತ್ತಿದ್ದರು, ಕರ್ಮಪದವನ್ನು ಅದರ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು, ಕಾಲ ಸ್ಥಳಗಳನ್ನೆಲ್ಲ ಅಚ್ಚುಕಟ್ಟಾಗಿ ಹಾಸುತ್ತಿದ್ದರು. ಇನ್ನೇನು ಕ್ರಿಯಾಪದ ಬಂದೇ ಬಿಟ್ಟಿತು ಎನ್ನುವಷ್ಟರಲ್ಲಿ ಬಲಗೈಯ ತೋರುಬೆರಳು ಮೇಲೇಳುತ್ತಿತ್ತು, ಹುಬ್ಬುಗಳೂ ಅದರ ಜೊತೆ ಏರುತ್ತಿದ್ದವು, ಮಾತು ಅಲ್ಲಿಗೇ ನಿಂತುಬಿಡುತ್ತಿತ್ತು. ಉಳಿದದ್ದು ಕೇಳುವವರ ಪಾಲು. "ಬಾಳಗೊಂಡ, ಆ ಖಿಡಕಿ ಸ್ವಲ್ಪ..." ಎಂದರೆ ನಾನು "ತಗೀತೇನ್ರಿ" ಎನ್ನಬೇಕು. ಮುಚ್ಚುವುದೇ ಅವರ ಇಷ್ಟವಾಗಿದ್ದರೆ ಬೆರಳು ಇಳಿಯುತ್ತಿರಲಿಲ್ಲ, ಸರಿಯಾದ ಕ್ರಿಯಾಪದ ಸಿಗುವವರೆಗೂ ಮೇಲೆಯೇ ಇರುತ್ತಿತ್ತು. ಟಾಂಗಾದವನಿಗೆ "ಸ್ಟೇಶನ್ನಿಗೆ..." ಎಂದು ಬೆರಳೆತ್ತಿ ನಿಂತರೆ, ಅಲ್ಲಿಗೆ ಹೋಗಬೇಕೋ, ಅಲ್ಲಿಂದ ಯಾರನ್ನಾದರೂ ಕರೆತರಬೇಕೋ ತಿಳಿಯದೆ ಆ ಬಡಪಾಯಿ ತನ್ನ ಕುದುರೆಯ ಮುಖ ನೋಡುತ್ತಿದ್ದ.

ನಡಿಗೆಯೂ ಮಾತಿನ ಹಾಗೆಯೇ. ಕಾಪಶಿ ಚಪ್ಪಲಿಗಳನ್ನು ಕರ್ರಕರ್ರ ಎನ್ನಿಸುತ್ತ ಬೇಗಬೇಗನೆ ಬರುವರು, ಬಾಗಿಲ ಬಳಿ ಏನೋ ನೆನಪಾದವರಂತೆ ತಟ್ಟನೆ ನಿಲ್ಲುವರು, ಬಾಗಿಲೇ ತಮ್ಮನ್ನು ಒಳಗೆ ಕರೆಯಲಿ ಎಂಬಂತೆ ಅರೆಕ್ಷಣ ಕಾಯುವರು. ಮೈಮೇಲೆ ಎಲ್ಲ ಕಾಲಕ್ಕೂ ಒಂದೇ ಕರಿಯ ಕೋಟು, ಕುತ್ತಿಗೆಯತನಕ ಗುಂಡಿ. ಆ ಕೋಟಿನದೊಂದು ಪ್ರತ್ಯೇಕ ಚರಿತ್ರೆ ಇದೆ. ಸರ್ ಮೂಲತಃ ಗಡಹಿಂಗ್ಲಜದವರು; ಅಲ್ಲಿ ಅವರ ಅಣ್ಣನ ಮೆಣಸಿನಕಾಯಿ ಅಡತಿ ಅಂಗಡಿ. ಕೊಲ್ಲಾಪುರದ ಪೇಟೆಗೆ ಬಂದ ಚೀಲಗಳು ಮಾರಾಟವಾಗುವ ತನಕ ಸರ್ ಅವರ ಬಾಡಿಗೆ ಮನೆಯ ನಡುಮನೆಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದವು. ಕೋಟು ತೂಗುಹಾಕುವ ಗೂಟವೂ ಅದೇ ಕೋಣೆಯಲ್ಲಿತ್ತು. ಹೀಗಾಗಿ ಸರ್ ತರಗತಿಯೊಳಗೆ ಕಾಲಿಟ್ಟರೆ ಮೊದಲು ಸೀನು, ಆಮೇಲೆ ಪಾಠ. ನಾವು ಸೀನಿದಾಗಲೆಲ್ಲ ಅವರು ಕೈಯೆತ್ತಿ ಆಶೀರ್ವದಿಸುವ ಧಾಟಿಯಲ್ಲಿ "ಗೆಜುಂಟ್‌ಹೈಟ್" ಎನ್ನುತ್ತಿದ್ದರು. ನಮ್ಮ ಅಜ್ಜಿಯರು ಸೀನಿದ ಮಗುವಿಗೆ ನೂರು ವರ್ಷ ಆಯುಷ್ಯ ಕೋರುವುದಿಲ್ಲವೇ, ಆ ಕೆಲಸಕ್ಕೆ ಜರ್ಮನರು ಇಟ್ಟುಕೊಂಡ ಮಾತು ಅದು. ಆರೋಗ್ಯ ಎಂದು ಅರ್ಥ. ನಾವು ಕಲಿತ ಮೊಟ್ಟಮೊದಲ ಜರ್ಮನ್ ಶಬ್ದವೂ ಅದೇ, ಕಲಿಸಿದ್ದು ಮೆಣಸಿನಕಾಯಿ.

ನಾನು ಕಾಗಲ ತಾಲೂಕಿನ ಸುಳಕೂಡದ ಒಕ್ಕಲುಮಗ. ಮೂವತ್ತೊಂಬತ್ತನೆಯ ಇಸವಿಯ ಮಳೆಗಾಲದಲ್ಲಿ ಇಂಟರ್ ವರ್ಗಕ್ಕೆ ಹತ್ತಿದಾಗ ಎರಡನೆಯ ಭಾಷೆಯಾಗಿ ಜರ್ಮನ್ ಆರಿಸಿಕೊಂಡೆ. ದೊಡ್ಡ ಉದ್ದೇಶವೇನೂ ಇರಲಿಲ್ಲ; ಸಂಸ್ಕೃತದ ಮಾಸ್ತರರು ಬಾಯಿಪಾಠಕ್ಕೆ ಬಿಗಿ ಎಂದು ಕೇಳಿದ್ದೆ, ಅಷ್ಟೇ. ನನ್ನ ಜೊತೆಗೆ ಕೋವಾಡದ ಮಲ್ಲಾರಿ ಇದ್ದ. ಮನೆಮಾತು ಮರಾಠಿ, ಕನ್ನಡವನ್ನು ಸಂತೆಯಲ್ಲಿ ಕಲಿತವನು. ಜರ್ಮನ್ ಓದಿದರೆ ವಿಲಾಯತಿಗೆ ಹೋಗಬಹುದೆಂದು ಯಾರೋ ಅವನ ತಲೆಯಲ್ಲಿ ತುಂಬಿದ್ದರು. ಮೂರನೆಯವಳು ಇಚಲಕರಂಜಿಯ ರತ್ನಮಾಲಾ. ನಮ್ಮ ಜೈನ ಸಮಾಜದವಳೇ, ದೂರದ ನಂಟಿನಲ್ಲಿ ನನಗೆ ತಂಗಿಯಾಗಬೇಕು. ಅವಳ ತಂದೆ ದಾದಾಸಾಹೇಬರಿಗೆ ಊರಲ್ಲಿ ಮಗ್ಗಗಳೂ ನೂಲಿಗೆ ಬಣ್ಣ ಹಾಕುವ ಕಾರಖಾನೆಯೂ ಇದ್ದವು. ಬಣ್ಣದ ಡಬ್ಬಿಗಳು ಜರ್ಮನಿಯಿಂದ ಬರುತ್ತಿದ್ದವು. ಅವುಗಳ ಮೇಲೆ ಬರೆದದ್ದನ್ನು ಮನೆಯಲ್ಲಿ ಒಬ್ಬರಾದರೂ ಓದಬೇಕು ಎಂಬ ಒಂದೇ ಹಟದಿಂದ ಅವರು ಮಗಳನ್ನು ಕೊಲ್ಲಾಪುರದಲ್ಲಿ ಅವಳ ಮಾವಶಿಯ, ಎಂದರೆ ಚಿಕ್ಕಮ್ಮನ, ಮನೆಯಲ್ಲಿಟ್ಟು ಕಾಲೇಜಿಗೆ ಹಾಕಿದ್ದರು. ಹೀಗೆ ಸೀನುವುದಕ್ಕೆ ಮೂವರು, ಆಶೀರ್ವಾದಕ್ಕೆ ಒಬ್ಬರು. ರಸಾಯನಶಾಲೆಯ ಹಿಂದಿನ ಒಂದು ಇಕ್ಕಟ್ಟಾದ ಕೋಣೆಯಲ್ಲಿ ನಮ್ಮ ಜರ್ಮನಿ ಸ್ಥಾಪನೆಯಾಯಿತು.

ಸರ್ ಜರ್ಮನಿಯನ್ನು ಕಂಡವರಲ್ಲ. ಪುಣೆಯಲ್ಲಿ ಓದುವಾಗ ಮುಪ್ಪಿನ ಅಧ್ಯಾಪಕರೊಬ್ಬರಿಂದ ಆ ಭಾಷೆ ಕಲಿತವರು. ಆದರೆ ಅದರ ಮೇಲಿನ ಅವರ ಪ್ರೀತಿ ಕಂಡರೆ, ಹೋದ ಜನ್ಮದಲ್ಲಿ ಅಲ್ಲಿ ಅಂಗಡಿ ಇಟ್ಟಿದ್ದರೇನೋ ಎನಿಸಬೇಕು. ತುಟಿ ಚೂಪು ಮಾಡಿ ಹೇಳಬೇಕಾದ ಸ್ವರವನ್ನು ಕಲಿಸುವಾಗ "ಊದುಗೊಳವಿ ಹಿಡದು ಒಲಿ..." ಎನ್ನುವರು, ನಾವು "ಊದಿಧಂಗ್ರಿ" ಎಂದು ಮುಗಿಸಿ ತುಟಿ ಮುಂದೆ ಮಾಡುತ್ತಿದ್ದೆವು. ಉಪವಾಕ್ಯದಲ್ಲಿ ಜರ್ಮನರು ಕ್ರಿಯಾಪದವನ್ನು ಕೊಟ್ಟಕೊನೆಗೆ ಇಡುತ್ತಾರೆ ಎಂದು ಹೇಳಿದ ದಿನ ಅವರ ಮುಖದಲ್ಲಿ ಹಬ್ಬದ ಕಳೆ. "ಕ್ರಿಯಾಪದ ಕೊನಿಗೆ ಬರೂ ಭಾಷಾದಾಗ ಮನಶ್ಯಾ ಎದರಿನವನ ಮಾತು ಪೂರಾ..." ಎಂದು ಬೆರಳೆತ್ತಿದರು. "ಕೇಳಬೇಕಾಗತೈತ್ರಿ" ಎಂದೆವು. ಹಾಗೆ ಹೇಳಿದವರೇ ಎದುರಿನವನಿಗೆ ಪೂರಾ ಮಾತು ಕೊಡುತ್ತಿರಲಿಲ್ಲ ಎಂಬುದು ಬೇರೆ ಮಾತು.

ಈ ಅಭ್ಯಾಸದ ಬೇರು ಎಲ್ಲಿದೆ ಎಂದು ನನಗೆ ತಿಳಿಸಿದವರು ಅವರ ಮನೆಯವರು, ಹಾಲವ್ವನವರು. ರವಿವಾರಕ್ಕೊಮ್ಮೆ ಊಟಕ್ಕೆ ಹೋಗುವ ರೂಢಿ ನನಗಿತ್ತು. ಖಾನಾವಳಿಯ ಸಾರಿನಿಂದ ನನ್ನನ್ನು ಬದುಕಿಸಿದ ಕೈ ಅವರದು. ಒಂದು ದಿನ ಸರ್ ಹೊರಗೆ ಹೋದಾಗ ಅವರು ರೊಟ್ಟಿ ಬಡಿಯುತ್ತ ಹೇಳಿದರು.

"ಸಣ್ಣಾಂವಿದ್ದಾಗ ಗಡಿಂಗ್ಲಜದಿಂದ ಇಲ್ಲಿ ಸಾಳಿಗೆ ತಂದ ಹಾಕಿದ್ರಂತ, ತಮ್ಮಾ. ಮನ್ಯಾಗ ಕನ್ನಡ, ಸಾಳ್ಯಾಗ ಮರಾಠಿ. ಸೂಟಿ ಮುಗಿಸಿ ಬರೂದು ತಡಾ ಆತಂತ, ಮಾಸ್ತರ ಯಾಕಂತ ಕೇಳ್ಯಾರ, ಇವರು 'ಗಾಡಿ ಉಶಿರಾ ಆಲಾ' ಅಂದಾರ. 'ಆಲೀ' ಅನ್ನಬೇಕಿತ್ತಂತ. ನಮಗೇನ ಗೊತ್ತ, ಗಾಡಿ ಹೆಣ್ಣಂತ? ನಮ್ಮ ಗಾಡಿ ಬರತೈತಿ, ಹೋಗತೈತಿ. ಇಡೀ ಸಾಳಿ ನಕ್ಕತಂತ. ಮುಂದ ದೊಡ್ಡಾಂವಾಗೂತನಾ 'ಗಾಡಿ ಆಲಾ' ಅಂತನs ಹೆಸರಿಟ್ಟು ಕರದ್ರಂತ. ಅವತ್ತಿನಿಂದ ಮಾತಿನ ತುದಿ ನುಂಗಾಕ ಹತ್ತಿದ್ರು ನೋಡು. ಮುಂದಿನಾಂವಾ ಹೇಳಲಿ, ತಪ್ಪಾದರ ಅವಂದ ತಪ್ಪಾಗಲಿ ಅಂತ." ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಅವರು ನಕ್ಕರು. "ಈಗ ಕನ್ನಡದಾಗೂ ಹಂಗ, ನನ್ನ ಕೂಡಾನೂ ಹಂಗ. ಅವರು ಅರ್ಧಾ ಹೇಳ್ತಾರ, ನಾ ಅರ್ಧಾ ಮುಗಸ್ತೇನಿ. ಸಂಸಾರ ನಡದೈತಿ."

ಗಡಿಯ ಈಚೆಗೆ ಹುಟ್ಟಿದ ಕನ್ನಡಿಗನಿಗೆ ಮಾತ್ರ ಈ ನೋವು ಅರ್ಥವಾದೀತು. ನಮ್ಮ ಭಾಷೆಯಲ್ಲಿ ಗಾಡಿಗೆ, ಕುರ್ಚಿಗೆ, ನೂಲಿಗೆ ಯಾವ ಲಿಂಗಭೇದದ ಗೊಡವೆಯೂ ಇಲ್ಲ. ಎಲ್ಲವೂ 'ಅದು', ಎಲ್ಲವೂ 'ಬಂತು'. ಮರಾಠಿಯಲ್ಲಿ ಒಂದೊಂದು ವಸ್ತುವೂ ಗಂಡು, ಹೆಣ್ಣು, ಇಲ್ಲವೇ ನಪುಂಸಕ. ಅದರ ಗುಟ್ಟು ರಟ್ಟಾಗುವುದು ವಾಕ್ಯದ ಕೊನೆಯ ಕ್ರಿಯಾಪದದಲ್ಲಿ. ಆಲಾ, ಆಲೀ, ಆಲಂ. ಎಷ್ಟೇ ಓದಿರಲಿ, ಎಷ್ಟೇ ಬೆಲೆಯ ರುಮಾಲು ಸುತ್ತಿರಲಿ, ನಾವು ಸಿಕ್ಕಿಬೀಳುವುದು ಅಲ್ಲಿಯೇ. ಮಾತನಾಡದವರು ಜಾಣರೆನಿಸಿಕೊಳ್ಳುತ್ತಾರೆ, ಮಾತನಾಡಿದವರು ನಗೆಗೀಡಾಗುತ್ತಾರೆ, ನಮ್ಮ ಸರ್ ಅರ್ಧ ಮಾತನಾಡಿ ನಡುವಿನ ದಾರಿ ಹಿಡಿದಿದ್ದರು.

ಅವರು ಜೀವಮಾನದಲ್ಲಿ ಭೇಟಿಯಾದ ಏಕೈಕ ಜರ್ಮನನ ಕಥೆಯನ್ನು ತಾವೇ ನಗುತ್ತ ಹೇಳುತ್ತಿದ್ದರು. ಮಿರಜ ಸ್ಟೇಶನ್ನಿನಲ್ಲಿ ಬಣ್ಣದ ಕಂಪನಿಯ ಏಜೆಂಟನೊಬ್ಬ ಕೊಲ್ಲಾಪುರದ ಗಾಡಿಗಾಗಿ ಕಾಯುತ್ತಿದ್ದನಂತೆ. ಸರ್ ದೂರದಲ್ಲಿ ನಿಂತು ಒಂದು ಉದ್ದನೆಯ ಜರ್ಮನ್ ವಾಕ್ಯವನ್ನು ಮನಸ್ಸಿನಲ್ಲಿ ಹೆಣೆದು, ಈ ಸಲ ಕ್ರಿಯಾಪದವನ್ನೂ ಸರಿಯಾದ ಜಾಗದಲ್ಲಿ ಕೂಡಿಸಿ, ಹತ್ತಿರ ಹೋಗಿ, ಗಾಡಿ ಎಷ್ಟು ಹೊತ್ತಿಗೆ ಬರಬಹುದು ಎಂದು ಕೇಳಿದರು. ಆ ಮನುಷ್ಯ ಕನ್ನಡಕ ಒರೆಸಿ ಹಾಕಿಕೊಂಡು, ಹಳಿಗಳ ಕಡೆ ಕೈ ತೋರಿಸಿ, ಸ್ವಚ್ಛ ಮರಾಠಿಯಲ್ಲಿ "ಬಘಾ, ಗಾಡೀ ಆಲೀ" ಎಂದ.

"ಹಾಂಬುರ್ಗದಿಂದ ಬಂದಾಂವಗ ಗಾಡಿ ಹೆಣ್ಣು ಅಂತ ಗೊತ್ತೈತಿ," ಎಂದು ಸರ್ ಕಣ್ಣೊರೆಸಿಕೊಳ್ಳುತ್ತಿದ್ದರು, "ಗಡಿಂಗ್ಲಜದಿಂದ ಬಂದಾಂವಗ..."

"ಗೊತ್ತಿಲ್ರಿ," ಎಂದು ನಾವು ಒಕ್ಕೊರಲಿನಿಂದ ಮುಗಿಸುತ್ತಿದ್ದೆವು.

ಜರ್ಮನ್ ಭಾಷೆಗೂ ಮೂರು ಲಿಂಗಗಳು. ಆದರೆ ಅಲ್ಲಿ ಲಿಂಗ ಶಬ್ದದ ಹೊಸ್ತಿಲಲ್ಲಿಯೇ ನಿಂತಿರುತ್ತದೆ: ಗಂಡಿಗೆ ಡೇರ್, ಹೆಣ್ಣಿಗೆ ಡೀ, ನಪುಂಸಕಕ್ಕೆ ಡಾಸ್. ಒಂದು ದಿನ ಸರ್ ಹಲಗೆಯ ಮೇಲೆ 'ಮೇಡ್ಶೆನ್' ಎಂದು ಬರೆದು, ಹುಡುಗಿ ಎಂದು ಅರ್ಥ ಹೇಳಿ, ಇದರ ಹಿಂದೆ ಯಾವುದು ಬರಬೇಕು ಎಂಬ ಭಾವದಲ್ಲಿ ಬೆರಳೆತ್ತಿದರು. ಮೂರು ಲಿಂಗಗಳ ನಡುವೆಯೇ ಹುಟ್ಟಿ ಬೆಳೆದ ಮಲ್ಲಾರಿ ಎದೆಯುಬ್ಬಿಸಿ ಎದ್ದ.

"ಹುಡುಗಿ ಅಂದ್ರ ಮುಲಗೀ, ಸರ್. ಮುಲಗೀ ಆಲೀ. ಡೀ."

ಬೆರಳು ಇಳಿಯಲಿಲ್ಲ. ಆಗ, ಅಲ್ಲಿಯವರೆಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ ರತ್ನಮಾಲಾ, ಸೆರಗು ಸರಿಪಡಿಸಿಕೊಂಡು ತಾನಾಗಿಯೇ ಎದ್ದಳು.

"ಡಾಸ್, ಸರ್."

"ಯಾಕ?"

"ನಮ್ಮ ಮನ್ಯಾಗ ಹಂಗs ಅಂತಾರ್ರಿ. ಹುಡುಗಿ ಉಂಡತು, ಹುಡುಗಿ ಸಾಳಿಗೆ ಹೋತು, ಹುಡುಗಿ ಶಾಣ್ಯಾ ಐತಿ. ಅಂದ ಮ್ಯಾಲ ಡಾಸ್ ಅಲ್ಲೇನ್ರಿ?"

ಸರ್ ಅವರ ಕೈಯಲ್ಲಿದ್ದ ಸೀಮೆಸುಣ್ಣದ ಖಡು ಕೆಳಗೆ ಬಿತ್ತು. ಆ ಶಬ್ದ ನಪುಂಸಕವಾಗುವುದಕ್ಕೆ ಜರ್ಮನ್ ವ್ಯಾಕರಣದಲ್ಲಿ ಬೇರೆಯೇ ಕಾರಣವಿದೆ. ಸಣ್ಣದು, ಮುದ್ದಿನದು ಎಂದು ತೋರಿಸಲು ಹಚ್ಚುವ ಬಾಲದಿಂದ ಅದು ಹಾಗಾಗುತ್ತದೆ. ಅದನ್ನು ಅವರು ಆಮೇಲೆ ವಿವರಿಸಿದರು. ಆದರೆ ಆ ಗಳಿಗೆಯಲ್ಲಿ ಅವರಿಗೆ ವ್ಯಾಕರಣ ಬೇಕಿರಲಿಲ್ಲ. ಕನ್ನಡದ ಬಾಯಿ ತಪ್ಪೆಂದು ಬಾಲ್ಯವೆಲ್ಲ ಕೇಳಿಸಿಕೊಂಡವರಿಗೆ, ಅದೇ ಬಾಯಿ ಏಳು ಸಮುದ್ರದಾಚೆ ಸರಿಯಾಗಿ ನಿಂತದ್ದು ಕಂಡು ಕಣ್ಣು ತುಂಬಿದ್ದವು. "ನೋಡ್ರಿ, ಅಲ್ಲಿನೂ ಹುಡುಗಿ..." ಎಂದು ಬೆರಳೆತ್ತಿದರು.

"ಬಂತು," ಎಂದಳು ರತ್ನಮಾಲಾ.

ಕೂಡುವ ಮೊದಲು ಅವಳು ಇನ್ನೊಂದು ಪ್ರಶ್ನೆ ಕೇಳಿದಳು. "ಮದುವಿ ಆದ ಮ್ಯಾಲನೂ ಡಾಸ್ ಏನ್ರಿ, ಸರ್?"

"ಇಲ್ಲ. ಹೆಂಡತಿ ಅಂದರ ಫ್ರೌ, ಅದಕ್ಕ ಡೀ."

"ಹಂಗಾರ ಡಾಸ್ ಚಲೋ ಐತ್ರಿ," ಎಂದು ಮೆಲ್ಲಗೆ ಹೇಳಿ ಕುಳಿತಳು. ಮಲ್ಲಾರಿ ನಕ್ಕ. ಸರ್ ನಗಲಿಲ್ಲ.

ಗಣಪತಿ ಹಬ್ಬದ ಹೊತ್ತಿಗೆ ಯೂರೋಪಿನಲ್ಲಿ ಲಡಾಯಿ ಹತ್ತಿತು. ಕಾಲೇಜಿನ ವರಾಂಡದಲ್ಲಿ ಸರ್ ಹೋಗುವಾಗ ಹುಡುಗರು "ವೈರಿಯ ಮಾಸ್ತರ ಬಂದರು" ಎಂದು ಪಿಸುಗುಟ್ಟುವುದು ಶುರುವಾಯಿತು. ದ್ವೇಷವೇನಿಲ್ಲ, ಚೇಷ್ಟೆ. ಪ್ರಿನ್ಸಿಪಾಲರು ಒಳ್ಳೆಯವರು, ಆದರೆ ಮೂವರಿಗಿಂತ ಕಡಿಮೆ ಮಂದಿ ಇದ್ದರೆ ಯಾವ ಭಾಷೆಯ ವರ್ಗವನ್ನೂ ನಡೆಸುವಂತಿಲ್ಲ ಎಂಬ ನಿಯಮವನ್ನು ಸರ್‌ಗೆ ಒಮ್ಮೆ ನೆನಪಿಸಿದರು. ಮೂವರಿದ್ದೇವಲ್ಲ ಎಂದು ನಾವು ನಿಶ್ಚಿಂತರಾಗಿದ್ದೆವು. ದೀಪಾವಳಿ ಸೂಟಿ ಮುಗಿಸಿ ಬಂದು ನೋಡಿದರೆ ಇಬ್ಬರೇ ಉಳಿದಿದ್ದೆವು.

ರತ್ನಮಾಲಾಳ ಮಾವಶಿಯಿಂದ ಸುದ್ದಿ ತಿಳಿಯಿತು. ಲಡಾಯಿಯಿಂದಾಗಿ ಬಣ್ಣದ ಡಬ್ಬಿಗಳು ಬರುವುದು ನಿಂತಿತ್ತು. ಡಬ್ಬಿಯೇ ಇಲ್ಲದ ಮೇಲೆ ಅದರ ಮೇಲಿನ ಅಕ್ಷರ ಓದುವವರು ಯಾಕೆ ಎಂದು ದಾದಾಸಾಹೇಬರು ಮಗಳನ್ನು ಮನೆಯಲ್ಲಿ ಉಳಿಸಿಕೊಂಡಿದ್ದರು; ಸಾಂಗಲಿಯ ಕಡೆ ಒಂದು ವರನನ್ನೂ ನೋಡಿಟ್ಟಿದ್ದರು. ಪ್ರಿನ್ಸಿಪಾಲರು ಡಿಸೆಂಬರಿನ ನಾತಾಳದ ಸೂಟಿಯವರೆಗೆ ಗಡುವು ಕೊಟ್ಟರು. ಮಲ್ಲಾರಿಗೂ ನನಗೂ ವರ್ಷ ಹಾಳಾಗುವ ಚಿಂತೆ. ಸರ್‌ಗೆ ತಮ್ಮ ಪ್ರೀತಿಯ ವರ್ಗ ಮುಚ್ಚುವ ಚಿಂತೆ ಇದ್ದಿರಲೇಬೇಕು, ಆದರೆ ಅವರು ಅದನ್ನು ಆಡಿದ್ದು ನನಗೆ ನೆನಪಿಲ್ಲ. ದಿನವೂ ಬಂದು, ಬರಿದಾದ ಮುಂದಿನ ಬೆಂಚನ್ನು ನೋಡಿ, "ರತ್ನಮಾಲಾ ಇವತ್ತೂ..." ಎಂದು ಬೆರಳೆತ್ತುತ್ತಿದ್ದರು. ನಾವಿಬ್ಬರೂ ತಲೆತಗ್ಗಿಸುತ್ತಿದ್ದೆವು. ಆ ಕ್ರಿಯಾಪದವನ್ನು ಹೇಳುವ ಧೈರ್ಯ ನಮಗಾಗಲಿಲ್ಲ.

ಒಂದು ಶನಿವಾರ ಅವರು ನನ್ನ ಕಡೆ ತಿರುಗಿ "ಬಾಳಗೊಂಡ, ನಾಳೆ ಇಚಲಕರಂಜಿಗೆ..." ಎಂದರು.

"ಹೋಗೂಣ್ರಿ," ಎಂದೆ.

ರೈಲಿನಲ್ಲಿ ಹಾತಕಣಂಗಲೆಯವರೆಗೆ, ಅಲ್ಲಿಂದ ಟಾಂಗಾ. ದಾದಾಸಾಹೇಬರು ಮನೆಯಲ್ಲಿ ಕನ್ನಡವನ್ನೇ ಆಡಿದರೂ ಕೊಲ್ಲಾಪುರದಿಂದ ಬಂದ ಓದಿದವರ ಜೊತೆ ಗತ್ತಿನಿಂದ ಮರಾಠಿಯನ್ನೇ ಆಡುವವರು ಎಂದು ನಾನು ಮೊದಲೇ ಎಚ್ಚರಿಸಿದ್ದೆ. ನಾನೇ ಮಾತಾಡುತ್ತೇನೆ, ಅವರು ನನಗೆ ಕಾಕಾ ಆಗಬೇಕು ಎಂದೂ ಹೇಳಿದ್ದೆ. ಸರ್ ತಲೆಯಾಡಿಸಿದರು. "ವಿದ್ಯಾರ್ಥಿ ನಂದು. ಹೇಳೂದು ನಾನs..." ಎಂದರು. ಮುಗಿಸುವುದು ನನ್ನ ಪಾಲಿಗೆ ಬಂತು. "ಹೇಳಬೇಕ್ರಿ," ಎಂದೆ.

ಎಂಥ ಬಿಸಿಲಿಗೂ ಬಿಚ್ಚದ ಕೋಟಿನೊಳಗೆ ಬೆವರುತ್ತ, ಟಾಂಗಾದ ಗಾಲಿಯ ತಾಳಕ್ಕೆ ಸರಿಯಾಗಿ ಅವರು ತುಟಿಯಲ್ಲೇ, 'ನಿಮ್ಮ ಮಗಳು ವರ್ಗದಲ್ಲಿ ಮೊದಲು ಬಂದಳು' ಎಂಬ ಅರ್ಥದ ಒಂದು ಮರಾಠಿ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದರು. ನಡುವೆ ನನ್ನ ಕಡೆ ತಿರುಗಿ "ಮುಲಗೀ..." ಎನ್ನುವರು. "ಆಲೀ, ಸರ್. ಸ್ತ್ರೀಲಿಂಗ. ಪಹಿಲೀ ಆಲೀ," ಎನ್ನುವೆ. "ಪಹಿಲೀ ಆಲೀ, ಪಹಿಲೀ ಆಲೀ" ಎನ್ನುತ್ತ ಮತ್ತೆ ದಾರಿಯ ಜೋಳದ ಹೊಲಗಳನ್ನು ನೋಡುವರು. ತಮ್ಮ ಊರಿನ ಅಡತಿಯಲ್ಲಿ ನಾಲ್ಕು ಮಂದಿ ಎದ್ದು ನಮಸ್ಕರಿಸುವ ಪ್ರೊಫೆಸರರು ಶಾಲೆಯ ಹುಡುಗನಂತೆ ಪಾಠ ಒಪ್ಪಿಸಲು ಹೊರಟಿದ್ದರು. ಯಾವ ನಗೆಗೆ ಹೆದರಿ ಅವರು ಬಾಲ್ಯದಿಂದ ಮಾತಿನ ತುದಿ ನುಂಗಿದ್ದರೋ ಆ ನಗೆಯ ಬಾಗಿಲಿಗೇ ತಾವಾಗಿ ಹೋಗುತ್ತಿದ್ದರು.

ದಾದಾಸಾಹೇಬರು ಪಡಸಾಲೆಯಲ್ಲಿ ಗಾದಿಯ ಮೇಲೆ ಕುಳಿತಿದ್ದರು. ಹಿತ್ತಲ ಕಡೆಯಿಂದ ಮಗ್ಗಗಳ ಸದ್ದು. ದೊಡ್ಡ ಮೈ, ದೊಡ್ಡ ಮೀಸೆ, ಉಗುರುಗಳಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ. "ಯಾ, ಯಾ, ಬಸಾ" ಎಂದು ಕೂಡಿಸಿ, ಮಗಳನ್ನು ಯಾಕೆ ಕಳಿಸಲಿಲ್ಲ ಎಂಬುದನ್ನು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಡಬ್ಬಿ ಇಲ್ಲ, ವೈರಿಯ ಭಾಷೆ, ಒಳ್ಳೆಯ ಮನೆತನದ ವರ. ಲೆಕ್ಕ ಸರಿಯಾಗಿಯೇ ಇತ್ತು. ಹೇಳಿ ಮುಗಿಸಿ, ಇನ್ನು ನೀವು ಹೇಳಿ ಎಂಬಂತೆ ಸರ್ ಕಡೆ ನೋಡಿದರು.

"ದಾದಾಸಾಹೇಬ, ತುಮಚೀ ಮುಲಗೀ ವರ್ಗಾತ..." ಎಂದರು ಸರ್. ಬೆರಳು ಮೇಲೆದ್ದಿತು.

ದಾದಾಸಾಹೇಬರಿಗೆ ಈ ಬೆರಳಿನ ಪರಿಚಯವಿರಲಿಲ್ಲ. ಅವರು ಬೆರಳನ್ನು ನೋಡಿದರು, ಅದು ತೋರಿಸುತ್ತಿದ್ದ ಮಾಳಿಗೆಯ ತೊಲೆಯನ್ನು ನೋಡಿದರು, ಮುಂದಿನ ಮಾತಿಗೆ ಕಾದರು. ಒಳಬಾಗಿಲ ಪರದೆಯ ಹಿಂದೆ ಬಳೆಗಳ ಸಪ್ಪಳ ಕೇಳಿ ನಿಂತಿತು. ಕ್ರಿಯಾಪದ ನನ್ನ ನಾಲಿಗೆಯ ಮೇಲೆಯೇ ಇತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ ಬೆರಳನ್ನು ತಾವೇ ಕೆಳಗಿಳಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಒಂದೇ ಉಸಿರಿಗೆ ಹೇಳಿಬಿಟ್ಟರು.

"ತುಮಚೀ ಮುಲಗೀ ವರ್ಗಾತ ಪಹಿಲಂ ಆಲಂ."

ನಾನು ಕಣ್ಣು ಮುಚ್ಚಿದೆ. ಟಾಂಗಾದಲ್ಲಿ ಅಷ್ಟು ತಿದ್ದಿ ತೀಡಿದ 'ಪಹಿಲೀ ಆಲೀ' ಎಲ್ಲಿಗೆ ಹೋಯಿತೋ. ನಮ್ಮ ಅಡುಗೆಮನೆಗಳ 'ಹುಡುಗಿ ಬಂತು' ಮರಾಠಿಯ ವೇಷ ಹಾಕಿಕೊಂಡು ಪಡಸಾಲೆಯಲ್ಲಿ ಬಂದು ನಿಂತಿತ್ತು. ಮಲ್ಲಾರಿ ಅಲ್ಲಿ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ಸರ್ ಕಿವಿ ಕೆಂಪಾಗಿದ್ದವು, ಆದರೆ ಅವರು ತಲೆ ತಗ್ಗಿಸಲಿಲ್ಲ.

ದಾದಾಸಾಹೇಬರ ಮೀಸೆ ಅಲುಗಿತು. ಗಾದಿಯ ಮೇಲೆ ತುಸು ಮುಂದೆ ಸರಿದು, ಸರ್ ಮುಖವನ್ನು ಬೇರೆಯೇ ಬಗೆಯಲ್ಲಿ ನೋಡಿ, ಕೇಳಿದರು:

"ಮಾಸ್ತರ, ತಾವು ನಮ್ಮ ಕಡಿಯವರೇನ್ರಿ?"

"ಹೌದ್ರಿ. ಗಡಿಂಗ್ಲಜದಾಂವ್ರಿ."

"ಮತ್ತ ಇಷ್ಟೊತ್ತು ಇಬ್ಬರೂ ಯಾಕ ಹಿಂಗ ತ್ರಾಸ ತಗೋಳಾಕ ಹತ್ತೇವ್ರಿ? ಮೊನ್ನೆ ಪುಣೆದ ಪೇಟ್ಯಾಗ ನಾನೂ 'ಸೂತ ಆಲೀ' ಅಂದು ಮಂದೀನ ನಗಿಸಿ ಬಂದೇನಿ. ಜೀವಮಾನ ನೂಲಿನ ಯಾಪಾರ ಮಾಡಿದೆ, ನೂಲು ಹೆಣ್ಣೋ ಗಂಡೋ ಇನ್ನೂ ತಿಳೀಲಿಲ್ಲ." ಅವರು ಮೈಯೆಲ್ಲ ಅಲುಗಾಡಿಸಿ ನಕ್ಕರು. ಆ ನಗೆಯಲ್ಲಿ ಸರ್‌ಗೂ ಪಾಲಿತ್ತು. ಶಾಲೆಯ ನಗೆಗೂ ಇದಕ್ಕೂ ಇದ್ದ ವ್ಯತ್ಯಾಸವನ್ನು ಅವರ ಮುಖದ ಮೇಲೆ ನಾನು ಕಂಡೆ.

ಆಮೇಲೆ ಸರ್ ಕನ್ನಡದಲ್ಲಿ ಮಾತನಾಡಿದರು. ಬೆರಳು ಏಳಲಿಲ್ಲ. ಒಂದಾದ ಮೇಲೊಂದು ವಾಕ್ಯ, ಒಂದೊಂದರ ಕೊನೆಗೂ ಕ್ರಿಯಾಪದ. "ಡಬ್ಬಿ ಬರೂದು ನಿಂತೈತಿ, ಖರೇ ಐತ್ರಿ. ಲಡಾಯಿ ಎಂದ ಮುಗೀತೈತೋ ನನಗೂ ಗೊತ್ತಿಲ್ಲ. ನನ್ನ ವರ್ಗ ಇವತ್ತಲ್ಲ ನಾಳೆ ಮುಚ್ಚತಾರ. ಜರ್ಮನ್ ನಿಂತರ ನಿಲ್ಲಲಿ ಬಿಡ್ರಿ. ಹುಡುಗಿ ನಿಲ್ಲಬಾರದು. ಅದು ಓದತೈತಿ. ಓದೂ ಹುಡುಗೀನ ನಿಲ್ಲಸಬ್ಯಾಡ್ರಿ."

ಮುಂದೆ ಸರಿದು ಕುಳಿತದ್ದರಿಂದ ಕೋಟಿನ ಪ್ರಭಾವ ದಾದಾಸಾಹೇಬರನ್ನು ಮುಟ್ಟಿತ್ತು. ಮೂಗು ಹಿಡಿದುಕೊಂಡು, ತಡೆಯಲಾರದೆ, ಮನೆ ನಡುಗುವಂತೆ ಸೀನಿದರು. "ಗೆಜುಂಟ್‌ಹೈಟ್," ಎಂದರು ಸರ್, ಅಭ್ಯಾಸಬಲದಿಂದ. ಎಂಥ ಹೊತ್ತಿನಲ್ಲಿ ಎಂಥ ಭಾಷೆ!

"ಏನಂದ್ರಿ?"

"ಜರ್ಮನ್ ಮಾತ್ರಿ. ಸೀನಿದವರಿಗೆ ಆರೋಗ್ಯ ಇರಲಿ ಅಂತಾರ."

"ವೈರಿಗೋಳ ಮನ್ಯಾಗೂ ಸೀನಿಗೆ ಆಶೀರ್ವಾದ ಮಾಡ್ತಾರೇನ್ರಿ?" ದಾದಾಸಾಹೇಬರು ಮೂಗೊರೆಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಪರದೆಯ ಕಡೆ ತಿರುಗಿ ಹೆಂಡತಿಯನ್ನು ಕರೆದರು. "ಶಾಲನ, ಮಾಸ್ತರಗ ಚಾ ತಾ. ಮತ್ತ ಆ ಹುಡುಗೀದು ಟ್ರಂಕ್ ಕಟ್ಟು. ಪರೀಕ್ಷಾ ಮುಗೀಲಿ, ಸಾಂಗಲಿಯವರಿಗೆ ಆಮ್ಯಾಲ ಹೇಳಿದರಾತು."

ಹಿಂದಿರುಗುವಾಗ ಟಾಂಗಾದಲ್ಲಿ ಸರ್ ಹೊಲಗಳ ಕಡೆ ನೋಡುತ್ತ "ಅಷ್ಟು ಬಾಯಿಪಾಠ..." ಎಂದರು.

"ಮಾಡಿದ್ರಿ, ಸರ್."

"ಆದರ ತಲ್ಯಾಗ ಡಾಸ್..."

"ಕುಂತಿತ್ರಿ."

ಅವರು ನಕ್ಕರು. ಬೆರಳು ತನ್ನ ಹಳೆಯ ಉದ್ಯೋಗಕ್ಕೆ ಮರಳಿತ್ತು.

ಮಾರ್ಚಿನಲ್ಲಿ ಮೂವರೂ ಪರೀಕ್ಷೆಗೆ ಕುಳಿತೆವು, ಮೂವರೂ ಪಾಸಾದೆವು. ರತ್ನಮಾಲಾ ನಮ್ಮಿಬ್ಬರಿಗಿಂತ ಬಹಳ ಮೇಲೆ. ಜೂನಿನಲ್ಲಿ ಹೊಸಬರು ಯಾರೂ ಬರಲಿಲ್ಲ, ವರ್ಗ ಮುಚ್ಚಿತು. ಸರ್ ಹೇಳಿದ್ದೂ ಅದನ್ನೇ. ಕೆಲ ವರ್ಷ ಕಾಲೇಜಿನ ಗ್ರಂಥಾಲಯ ನೋಡಿಕೊಂಡು, ಕಣ್ಣು ಮಂಜಾದಾಗ ಬಿಟ್ಟು, ಹಾಲವ್ವನವರನ್ನೂ ಕೋಟನ್ನೂ ಕರೆದುಕೊಂಡು ಗಡಹಿಂಗ್ಲಜಕ್ಕೆ ಹೋದರು. ಸಾಂಗಲಿಯ ವರ ಕಾಯಲಿಲ್ಲ. ರತ್ನಮಾಲಾ ಅದಕ್ಕೆ ಅತ್ತಂತೆಯೂ ಇಲ್ಲ. ಬಿ.ಎ. ಮುಗಿಸಿ ಇಚಲಕರಂಜಿಯಲ್ಲಿಯೇ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿಯಾದಳು. ದಾದಾಸಾಹೇಬರು ಪೇಟೆಯಲ್ಲಿ ಸಿಕ್ಕವರಿಗೆಲ್ಲ "ನಮ್ಮ ಹುಡುಗಿ ಜರ್ಮನ್ ಓದೈತಿ" ಎಂದು ಹೇಳುತ್ತಿದ್ದರು. ಡಬ್ಬಿಗಳು ಬರದಿದ್ದರೂ ಅವರ ಹೆಮ್ಮೆಗೆ ಬಣ್ಣ ಕಡಿಮೆಯಾಗಲಿಲ್ಲ.

ನಲವತ್ತೇಳರ ಚಳಿಗಾಲದಲ್ಲಿ ರತ್ನಮಾಲಾಳೂ ನಾನೂ ಸರ್ ಅವರನ್ನು ನೋಡಲು ಗಡಹಿಂಗ್ಲಜಕ್ಕೆ ಹೋದೆವು. ಸುಗ್ಗಿಯ ಮೆಣಸಿನಕಾಯಿ ಅಂಗಳದಲ್ಲೆಲ್ಲ ಹರಡಿತ್ತು. ಹೊಸ್ತಿಲು ದಾಟುವ ಮೊದಲೇ ನಾನು ಸೀನಿದೆ. ಒಳಗಿನಿಂದ ತಟ್ಟನೆ "ಗೆಜುಂಟ್‌ಹೈಟ್" ಎಂಬ ದನಿ ಬಂತು. ಪಡಸಾಲೆಯಲ್ಲಿ ಕಂಬಕ್ಕೊರಗಿ ಕುಳಿತಿದ್ದರು. ಮೈ ಇಳಿದು, ಕೋಟು ಈಗ ಅವರಿಗಿಂತ ದೊಡ್ಡದಾಗಿತ್ತು. ಕಣ್ಣು ಪೂರ್ತಿ ಹೋಗಿದ್ದವು. ಸೀನಿನಿಂದಲೇ ನನ್ನ ಗುರುತು ಹಿಡಿದು ಕೈಹಿಡಿದುಕೊಂಡರು. ನನ್ನ ಹಿಂದೆ ಇನ್ನೊಬ್ಬರು ನಿಂತದ್ದು ಕಿವಿಗೆ ತಿಳಿಯಿತೆಂದು ಕಾಣುತ್ತದೆ, ಹುಬ್ಬು ಏರಿಸಿ "ಬಾಳಗೊಂಡ, ನಿನ್ನ ಸಂಗಾಟ ಯಾರು..." ಎಂದರು.

ನಾನು ಹೇಳುವ ಮೊದಲೇ, ನೀರಿನ ತಂಬಿಗೆ ಹಿಡಿದು ಬಂದ ಹಾಲವ್ವನವರು ಮುಗಿಸಿದರು. "ನಿಮ್ಮ ಹುಡುಗಿ ಬಂತು ನೋಡ್ರಿ."

"ಡಾಸ್ ಮೇಡ್ಶೆನ್," ಎಂದರು ಸರ್. ಕಾಣದ ಕಣ್ಣುಗಳು ತುಂಬಿ ಬಂದವು.

ರತ್ನಮಾಲಾ ಹತ್ತಿರ ಕುಳಿತು ತನ್ನ ಶಾಲೆಯ ಸಂಗತಿ ಹೇಳಿದಳು. ಜರ್ಮನ್ ಕಲಿಸುವುದಿಲ್ಲ, ಕೇಳುವವರಿಲ್ಲ, ಲೆಕ್ಕ ಕಲಿಸುತ್ತಾಳೆ. ಹುಡುಗಿಯರು ದೊಡ್ಡವರಾಗುತ್ತಲೇ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸುತ್ತಾರೆ. "ಹಂಗ ಆದಾಗ ನಾನs ಅವರ ಮನಿಗೆ ಹೋಗ್ತೇನ್ರಿ, ಸರ್. ಅಪ್ಪನ ಮುಂದ ಕುಂತು, ನೀವು ನಮ್ಮ ಮನ್ಯಾಗ ಹೇಳಿದ್ದನ್ನs ಹೇಳ್ತೇನಿ. ಹುಡುಗಿ ನಿಲ್ಲಬಾರದು ಅಂತೇನಿ. ಕೆಲವರು ನಗ್ತಾರ. ಕೆಲವರು ಕಳಸ್ತಾರ."

ಸರ್ ಅವಳ ಮಾತು ಬಂದ ದಿಕ್ಕಿಗೆ ಮುಖ ಮಾಡಿದರು. ಕೋಟಿನ ತೋಳಿನಿಂದ ಒಣಗಿದ ಬೆರಳೊಂದು ನಿಧಾನವಾಗಿ ಮೇಲೆದ್ದಿತು.

"ನಾ ಅರ್ಧಾ ಬಿಟ್ಟಿದ್ದು, ನೀ..."

"ಮುಗಸಾಕತ್ತೇನ್ರಿ, ಸರ್," ಎಂದಳು ರತ್ನಮಾಲಾ.

ಬೆರಳು ಇಳಿಯಿತು.

ಅವರಂಥವರು ನಮ್ಮ ಗಡಿಯ ಊರುಗಳಲ್ಲಿ ಆಗ ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು: ಒಂದು ಭಾಷೆಯ ಮನೆಯಲ್ಲಿ ಹುಟ್ಟಿ, ಇನ್ನೊಂದರ ಶಾಲೆಯಲ್ಲಿ ನಗೆಗೀಡಾಗಿ, ಎಂದೂ ಕಾಣದ ಮೂರನೆಯದೊಂದನ್ನು ಹೊಟ್ಟೆಯ ಕೂಸಿನಂತೆ ಪ್ರೀತಿಸಿದವರು. ತಮ್ಮ ಮಾತು ತಪ್ಪೆಂದು ಚಿಕ್ಕಂದಿನಲ್ಲೇ ಕೇಳಿಸಿಕೊಂಡದ್ದರಿಂದ ಇನ್ನೊಬ್ಬರ ತಪ್ಪಿಗೆ ಅವರು ಎಂದೂ ನಗುವುದಿಲ್ಲ. ಕೊನೆಯ ಶಬ್ದವನ್ನು ಮೊದಮೊದಲು ಭಯದಿಂದ ಬಿಡುತ್ತಾರೆ, ಬರಬರುತ್ತ ಸೌಜನ್ಯದಿಂದ ಬಿಡುತ್ತಾರೆ. ಅದು ಪ್ರೀತಿಯಿಂದ ಬಿಟ್ಟದ್ದಾಗಿತ್ತು ಎಂದು ನಮಗೆ ತಿಳಿಯುವ ಹೊತ್ತಿಗೆ ಅದನ್ನು ಹೇಳುವ ಸರದಿ ನಮ್ಮದಾಗಿರುತ್ತದೆ. ಎಲ್ಲೋ ಒಮ್ಮೆ, ಯಾರದೋ ಮಗಳಿಗಾಗಿ, ಅವರು ತಾವೇ ಒಂದು ವಾಕ್ಯವನ್ನು ಪೂರ್ತಿ ಆಡುತ್ತಾರೆ. ಅದರಲ್ಲಿ ತಪ್ಪಿರುತ್ತದೆ, ಮತ್ತು ಅದೇ ಸಾಕಾಗುತ್ತದೆ.